ಹನ್ನೆರಡು ಮೀಟರ್ ಭರತದ ಊರು, ಒಂದೂವರೆ ಮೀಟರ್ ಭರತದ ನಮ್ಮ ಕೋಡಿ: ಕಡಲು ಏರಿದರೆ ಯಾರಿಗೆ ಹೆಚ್ಚು ಕಷ್ಟ?

ಬೆಂಗ್ರೆಮನೆ (ಕೋಡಿಬೆಂಗ್ರೆ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯಲ್ಲಿ ನಮ್ಮ ತಂದೆಯವರ ಕಾಲದ ಹಂಚಿನ ಮನೆ ಇದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಒಂದು ರಸ್ತೆ ಮತ್ತು ತೆಂಗಿನ ಸಾಲು; ನಮ್ಮ ಕೋಡಿ, ಎಂದರೆ ಕಡಲಿಗೂ ಹೊಳೆಗೂ ನಡುವೆ ಚಾಚಿದ ಮರಳಿನ ನೆಲ, ಇಷ್ಟೇ. ಬರುವ ಬೇಸಿಗೆಯಲ್ಲಿ ಹಳೆಯ ಮನೆಯನ್ನು ಬಿಚ್ಚಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಬೇಕೆಂದು ಅಣ್ಣತಮ್ಮಂದಿರು ಮಾತನಾಡಿಕೊಂಡಿದ್ದೇವೆ. ಪಂಚಾಂಗವನ್ನು (ಗೋಡೆ ಏಳುವ ಅಡಿಪಾಯದ ಕಟ್ಟೆಯನ್ನು) ಎಷ್ಟು ಎತ್ತರಿಸಬೇಕು ಎಂಬಲ್ಲಿಗೆ ಬಂದು ಮಾತು ನಿಂತಿದೆ.

ಅಣ್ಣನ ಮಗ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಓದುತ್ತಿದ್ದಾನೆ. ಅಲ್ಲಿನ ಫಂಡಿ ಕೊಲ್ಲಿಯ ದಡದಲ್ಲಿರುವ ಹಾಲ್ಸ್ ಹಾರ್ಬರ್ ಎಂಬ ಮೀನುಗಾರರ ಊರಿನಿಂದ ಅವನು ಎರಡು ಚಿತ್ರಗಳನ್ನು ಕಳುಹಿಸಿದ್ದ. ಒಂದರಲ್ಲಿ ದೋಣಿಗಳು ದಕ್ಕೆಯ ಮಟ್ಟಕ್ಕೆ ತೇಲುತ್ತಿವೆ. ಆರು ಗಂಟೆಗಳ ನಂತರ ತೆಗೆದ ಇನ್ನೊಂದರಲ್ಲಿ ಅವೇ ದೋಣಿಗಳು ಕೆಳಗೆ ಕೆಸರಿನ ಮೇಲೆ ಕುಳಿತಿವೆ, ದಕ್ಕೆಯ ಕಂಬಗಳು ಮೂರು ಮಾಳಿಗೆಯ ಎತ್ತರಕ್ಕೆ ಬೆತ್ತಲಾಗಿ ನಿಂತಿವೆ. “ಇಲ್ಲಿ ನೀರು ದಿನಕ್ಕೆರಡು ಬಾರಿ ಹನ್ನೆರಡು ಮೀಟರ್ ಏರಿ ಇಳಿಯುತ್ತದೆ, ಆದರೂ ಜನ ನೆಮ್ಮದಿಯಾಗಿದ್ದಾರೆ. ನಮ್ಮಲ್ಲಿ ಭರತವೆಂದರೆ ಆಳೆತ್ತರವೂ ಇಲ್ಲ. ಕಡಲು ಅರ್ಧ ಮೀಟರ್ ಏರಿದರೆ ಏನಾಗಲಿಕ್ಕಿದೆ, ಚಿಕ್ಕಪ್ಪಾ?” ಎಂಬುದು ಅವನ ವಾದ.

ಅವನ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಲೆಕ್ಕವಿಲ್ಲ, ಆದರೆ ಕಣ್ಣು ಬೇರೆಯೇ ಹೇಳುತ್ತದೆ. ಪಡುಬದಿಯ ಕೊನೆಯ ತೆಂಗಿನಮರದ ಬುಡದಿಂದ ಮರಳು ಕೊಚ್ಚಿಹೋಗಿ ಬೇರುಗಳು ಮೊಣಕಾಲಿನಷ್ಟು ಉದ್ದಕ್ಕೆ ಜೋತುಬಿದ್ದಿವೆ. ಕಳೆದ ಮಾರ್ಗಶಿರದ ಹುಣ್ಣಿಮೆಯ ರಾತ್ರಿಯಂತೂ ಗಾಳಿಯಿಲ್ಲದ, ತೆರೆಯ ಸದ್ದೂ ಇಲ್ಲದ ಹೊತ್ತಿನಲ್ಲಿ ಹೊಳೆಯ ನೀರು ಮೂಡುಬದಿಯಿಂದ ಮೆಲ್ಲಗೆ ಏರಿ ಬಂದು ಬಚ್ಚಲಿನ ಮೆಟ್ಟಿಲನ್ನು ಮುಟ್ಟಿತ್ತು. ಬೆಳಗಾದಾಗ ಮೆಟ್ಟಿಲಿನ ಮೇಲೆ ಬೆರಳಗಲದ ಕೆಸರಿನ ಗೆರೆಯೊಂದು ಉಳಿದಿತ್ತು. ಭರತದ ಎತ್ತರ ಹೆಚ್ಚಿರುವ ಊರಿಗೆ ಕಡಲೇರಿಕೆಯ ಅಪಾಯ ಹೆಚ್ಚೇ, ಕಡಿಮೆ ಇರುವ ಊರಿಗೆ ಹೆಚ್ಚೇ? ನಮ್ಮಂತಹವರು ಪಂಚಾಂಗ ಹಾಕುವಾಗ ಯಾವ ಮಟ್ಟವನ್ನು ಲೆಕ್ಕಕ್ಕೆ ಹಿಡಿಯಬೇಕು? ತಿಳಿದವರು ದಯವಿಟ್ಟು ಬರೆಯಬೇಕು.

ಕೊಣಾಜೆಯ ಹಳೆ ವಿದ್ಯಾರ್ಥಿನಿ

ನಾನು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಓದಿದವಳು. ನಿಮ್ಮ ಅಣ್ಣನ ಮಗ ಕಂಡದ್ದು ಸರಿ. ಅದರಿಂದ ಅವನು ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. ಏಕೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಚಂದ್ರ ಸೂರ್ಯರ ಸೆಳೆತದಿಂದ ನಡುಗಡಲಿನಲ್ಲಿ ಏಳುವ ಏರಿಳಿತ ಸಣ್ಣದು, ಒಂದು ಮೀಟರ್ ಆಸುಪಾಸಿನದು. ಆ ಅಲೆ ದಡದ ಕಡೆಗೆ ಬಂದಾಗ ತಳದ ಆಕಾರ ಅದನ್ನು ಹಿಗ್ಗಿಸುತ್ತದೆ ಅಥವಾ ಹಾಗೆಯೇ ಬಿಡುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದನ್ನು ನೋಡಬಹುದು. ಕೊಚ್ಚಿಯಲ್ಲಿ ದೊಡ್ಡ ಭರತವೂ ಒಂದು ಮೀಟರ್ ಸುಮಾರಿಗೆ ನಿಲ್ಲುತ್ತದೆ, ಮಂಗಳೂರಿನಲ್ಲಿ ಒಂದೂವರೆ ಮೀಟರ್ ಆಗುತ್ತದೆ, ಮುಂಬಯಿಯಲ್ಲಿ ಐದು ಮೀಟರ್ ಹತ್ತಿರ ಹೋಗುತ್ತದೆ, ಲಾಳಿಕೆಯಂತೆ ಕಿರಿದಾಗುತ್ತ ಹೋಗುವ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರ್ ದಾಟುತ್ತದೆ. ಅಲಂಗ್‌ನಲ್ಲಿ ಹಡಗು ಒಡೆಯುವ ಉದ್ಯಮ ನಿಂತಿರುವುದೇ ಈ ಭರತದ ಮೇಲೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ನೀರಿನಲ್ಲಿ ಹಡಗನ್ನು ದಡಕ್ಕೆ ನುಗ್ಗಿಸಿ ಬಿಟ್ಟರೆ ಇಳಿತದಲ್ಲಿ ಅದು ಒಣನೆಲದ ಮೇಲೆ ನಿಂತಿರುತ್ತದೆ.

ಫಂಡಿ ಕೊಲ್ಲಿಯದು ಇನ್ನೂ ವಿಶೇಷ. ಬಾವಿಯಿಂದ ಕೊಡಪಾನ ಹೊತ್ತು ನಡೆಯುವಾಗ ಹೆಜ್ಜೆಯ ಲಯವೂ ಒಳಗಿನ ನೀರು ತುಳುಕುವ ಲಯವೂ ಕೂಡಿಬಿಟ್ಟರೆ ನೀರು ಹೊರಗೆ ಚೆಲ್ಲುತ್ತದೆಯಲ್ಲವೇ? ಫಂಡಿ ಮತ್ತು ಅದರ ಹೊರಗಿನ ಮೇನ್ ಕೊಲ್ಲಿ ಸೇರಿದ ನೀರು ಒಮ್ಮೆ ತುಳುಕಿ ಮರಳಲು ಸುಮಾರು ಹದಿಮೂರು ಗಂಟೆ ಬೇಕು. ಚಂದ್ರನ ಭರತ 12 ಗಂಟೆ 25 ನಿಮಿಷಕ್ಕೊಮ್ಮೆ ಅದನ್ನು ತಳ್ಳುತ್ತದೆ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಕೊಲ್ಲಿಯ ತುದಿಯಲ್ಲಿ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ. ಕಡಲೇರಿಕೆಯ ಮಾತು ಬರುವುದು ಇಲ್ಲಿಯೇ. ನೀರು ಆಳವಾದಷ್ಟೂ ಅಲೆ ಬೇಗ ಓಡುತ್ತದೆ, ತುಳುಕುವ ಅವಧಿ ಕಡಿಮೆಯಾಗುತ್ತದೆ, ಎಂದರೆ ಹದಿಮೂರು ಗಂಟೆ ಎಂಬುದು ಚಂದ್ರನ ಲಯಕ್ಕೆ ಇನ್ನಷ್ಟು ಹತ್ತಿರ ಸರಿಯುತ್ತದೆ. ಹಾಗಾಗಿ ಅಲ್ಲಿ ಕಡಲಿನ ಸರಾಸರಿ ಮಟ್ಟ ಏರುವುದರ ಜೊತೆಗೆ ಭರತವೇ ಹಿಗ್ಗುತ್ತದೆ. ಸಾಲದ್ದಕ್ಕೆ, ಹಿಮಯುಗದ ಮಂಜುಗಡ್ಡೆ ಕರಗಿದ ನಂತರದ ಹೊಂದಾಣಿಕೆಯಲ್ಲಿ ಅಲ್ಲಿನ ನೆಲ ನಿಧಾನವಾಗಿ ಕುಸಿಯುತ್ತಲೂ ಇದೆ.

ಅಲ್ಲಿಯವರ ನೆಮ್ಮದಿಯ ಬಗ್ಗೆ ಒಂದು ಮಾತು ಹೇಳಬೇಕು. 1869ರ ಅಕ್ಟೋಬರ್ ಮೊದಲ ವಾರದಲ್ಲಿ, ಚಂದ್ರ ಭೂಮಿಗೆ ಸಮೀಪವಿದ್ದ ದೊಡ್ಡ ಭರತದ ರಾತ್ರಿಯೇ ಚಂಡಮಾರುತವೊಂದು ಫಂಡಿಗೆ ಬಡಿಯಿತು. ‘ಸ್ಯಾಕ್ಸ್‌ಬಿ ಗೇಲ್’ ಎಂದು ಅದನ್ನು ಇಂದಿಗೂ ಕರೆಯುತ್ತಾರೆ. ಹೊಲಗಳನ್ನು ಕಾಯುತ್ತಿದ್ದ ಮಣ್ಣಿನ ಒಡ್ಡುಗಳ ಮೇಲೆ ನೀರು ಹರಿದುಹೋಯಿತು. ಅದೇ ಗಾಳಿ ಆರು ಗಂಟೆ ಮೊದಲು, ಇಳಿತದ ಹೊತ್ತಿಗೆ ಬಂದಿದ್ದರೆ ನೀರು ಒಡ್ಡಿನ ಬುಡವನ್ನೂ ಮುಟ್ಟುತ್ತಿರಲಿಲ್ಲ. ದೊಡ್ಡ ಭರತದ ಊರುಗಳಲ್ಲಿ ಬಿರುಗಾಳಿ ಯಾವ ಗಳಿಗೆಗೆ ಬರುತ್ತದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ನೋವಾ ಸ್ಕೋಷಿಯಾವನ್ನು ಕೆನಡಾದ ಉಳಿದ ನೆಲಕ್ಕೆ ಜೋಡಿಸುವ ಶಿಗ್ನೆಕ್ಟೊ ಎಂಬ ಕಿರಿದಾದ ಭೂಭಾಗದಲ್ಲಿ ಹೆದ್ದಾರಿಯೂ ರೈಲುಹಳಿಯೂ ಇಂದಿಗೂ ಅಂತಹ ಒಡ್ಡುಗಳ ಆಸರೆಯಲ್ಲಿವೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಇರುವ ಮರವಂತೆಯ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಹೋದವರಿಗೆ ಆ ಆತಂಕ ಹೊಸದಲ್ಲ.

ಈಗ ನಮ್ಮ ಕಡೆಗೆ ಬರೋಣ. 1901ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ಅವಧಿಯಲ್ಲಿ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್ ಆಗಿತ್ತು. ಶತಮಾನದ ಕೊನೆಗೆ, ಹೊಗೆ ಉಗುಳುವುದನ್ನು ಬೇಗ ನಿಲ್ಲಿಸಿದರೆ ಸುಮಾರು 28ರಿಂದ 55 ಸೆಂಟಿಮೀಟರ್, ನಿಲ್ಲಿಸದೆ ಹೋದರೆ 63ರಿಂದ 101 ಸೆಂಟಿಮೀಟರ್ ಏರಬಹುದೆಂದು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ಆರನೆಯ ವರದಿ ಹೇಳುತ್ತದೆ. ಅದೇ ವರದಿಯ ಇನ್ನೊಂದು ಮಾತು ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು: ಈವರೆಗೆ ನೂರು ವರ್ಷಕ್ಕೊಮ್ಮೆ ಕಾಣುತ್ತಿದ್ದ ನೀರಿನ ಮಟ್ಟ 2100ರ ಹೊತ್ತಿಗೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಭರತಮಾಪಕ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರಲಿದೆ. ಇದು ಮೊದಲು ಆಗುವುದು ವರ್ಷದ ದೊಡ್ಡ ನೀರಿಗೂ ನೂರು ವರ್ಷದ ದೊಡ್ಡ ನೀರಿಗೂ ವ್ಯತ್ಯಾಸ ಕಡಿಮೆ ಇರುವ ಕಡೆಗಳಲ್ಲಿ. ಆ ವ್ಯತ್ಯಾಸ ಅರ್ಧ ಮೀಟರ್ ಎಂದಿಟ್ಟುಕೊಳ್ಳಿ. ಕಡಲು ಅರ್ಧ ಮೀಟರ್ ಏರಿದ ದಿನ ಅಜ್ಜನ ಕಾಲದ ನೆರೆ ಪ್ರತಿವರ್ಷದ ನೆರೆಯಾಗುತ್ತದೆ. ಆದ್ದರಿಂದ ಭರತ ಎಷ್ಟು ದೊಡ್ಡದು ಎಂದು ಕೇಳುವುದಕ್ಕಿಂತ, ರೂಢಿಯ ದೊಡ್ಡ ನೀರಿನಿಂದ ನಮ್ಮ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂದು ಕೇಳಬೇಕು.

ಮಾರ್ಗಶಿರದ ರಾತ್ರಿಯ ನೀರನ್ನು ಪೂರ್ತಿಯಾಗಿ ಕಡಲೇರಿಕೆಯ ತಲೆಗೆ ಕಟ್ಟಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ತಳದ ತಣ್ಣೀರು ಮೇಲೆ ಬರುತ್ತದೆ, ಕಡಲ ಮಟ್ಟ ತಗ್ಗುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಪ್ರವಾಹ ಉತ್ತರಕ್ಕೆ ತಿರುಗಿ ನೀರು ದಡಕ್ಕೆ ಒತ್ತಿಕೊಂಡು ಮಟ್ಟ ಏರುತ್ತದೆ. ಅದರ ಮೇಲೆ ಹುಣ್ಣಿಮೆಯ ಭರತ ಕೂಡಿದಾಗ ನೀವು ಕಂಡದ್ದು ಸಂಭವಿಸುತ್ತದೆ. ಆದರೆ ಆ ಎರಡರ ಕೆಳಗೆ ಇಪ್ಪತ್ತು ಸೆಂಟಿಮೀಟರಿನ ಮಣೆಯೊಂದನ್ನು ಕಳೆದ ಶತಮಾನ ಇಟ್ಟುಹೋಗಿದೆ ಎಂಬುದನ್ನು ಮರೆಯಬಾರದು.

ಗಂಗೊಳ್ಳಿ ಅಳಿವೆ

ನಾನು ನಾಡದೋಣಿಯವನು. ಅಕ್ಕನವರು ಬರೆದ ಚಳಿಗಾಲದ ನೀರಿನ ವಿಷಯ ನೂರಕ್ಕೆ ನೂರು ನಿಜ. ಬಲೆ ಇಡುವ ನಮ್ಮ ಚಪ್ಪರದ ಕಂಬಗಳಿಗೆ ನೀರು ತಾಗುವುದು ಆಷಾಢದಲ್ಲಿ ಅಲ್ಲ, ಕಾರ್ತಿಕ ಕಳೆದ ಮೇಲೆ.

ಕಡಲು ಏರಿದರೆ ಅಳಿವೆಯಲ್ಲಿ ನೀರು ಆಳವಾಗಿ ದೋಣಿಗೆ ಒಳ್ಳೆಯದೇ ಆಗುತ್ತದೆ ಎಂದು ಹೇಳುವವರಿದ್ದಾರೆ. ಅಳಿವೆಯ ಮರಳುದಿಣ್ಣೆ ಒಂದೇ ಕಡೆ ಇರುವುದಿಲ್ಲ, ಅದು ನೀರಿನೊಂದಿಗೆ ಜಾಗ ಬದಲಿಸುತ್ತದೆ. ನಮಗೆ ಭಯ ಭರತದ್ದಲ್ಲ, ಇಳಿತದ್ದು. ಹೊಳೆಯ ನೀರು ರಭಸದಿಂದ ಹೊರಗೆ ಹೋಗುವಾಗ ಎದುರಿನಿಂದ ದೊಡ್ಡ ತೆರೆ ಬಂದರೆ ಅಳಿವೆಬಾಗಿಲಿನಲ್ಲಿ ತೆರೆ ನೆಟ್ಟಗೆ ನಿಂತು ಒಡೆಯುತ್ತದೆ; ದೋಣಿ ಮಗುಚುವುದು ಅಲ್ಲಿಯೇ. ಕಡಲು ಏರಿ ಹೊಳೆಯೊಳಗೆ ಹೆಚ್ಚು ನೀರು ಹೊಕ್ಕರೆ ಅಷ್ಟೂ ನೀರು ಅದೇ ಬಾಗಿಲಿನಿಂದ ಹೊರಗೆ ಬರಬೇಕಲ್ಲ? ಈ ಬಗ್ಗೆ ತಿಳಿದವರು ಹೇಳಬೇಕು.

ಸುರತ್ಕಲ್ ಸಿವಿಲ್

ಗಂಗೊಳ್ಳಿಯ ಅಣ್ಣನ ಊಹೆ ಸರಿಯಾಗಿದೆ. ಒಳಗಿನ ತಗ್ಗುನೆಲಗಳಿಗೆ ಭರತದ ನೀರು ಹರಡಲು ಅವಕಾಶವಾದರೆ ಬಾಗಿಲಿನಲ್ಲಿ ಒಳಹೋಗಿ ಹೊರಬರುವ ನೀರಿನ ಮೊತ್ತ ಹೆಚ್ಚುತ್ತದೆ, ಸೆಳೆತವೂ ಹೆಚ್ಚುತ್ತದೆ.

ನಾನು ಕಟ್ಟಡ ಮತ್ತು ಚರಂಡಿಗಳ ಕೆಲಸ ಮಾಡುವವನು, ಆದ್ದರಿಂದ ನನಗೆ ಮುಖ್ಯವೆನಿಸುವುದು ನೀರು ಎಷ್ಟು ಎತ್ತರ ಬರುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಇದಕ್ಕೆ ಕಾಗದದ ಮೇಲೆ ಮಾಡಬಹುದಾದ ಲೆಕ್ಕವೊಂದಿದೆ. ಭರತವನ್ನು ಸರಳವಾದ ಏರಿಳಿತದ ಗೆರೆಯೆಂದು ಭಾವಿಸಿ, ಕಡಲು ಅರ್ಧ ಮೀಟರ್ ಏರಿತೆಂದು ಇಟ್ಟುಕೊಳ್ಳಿ. ಹನ್ನೆರಡು ಮೀಟರ್ ಭರತದ ಊರಿನಲ್ಲಿ ನೀರು ಹಳೆಯ ಗರಿಷ್ಠ ಗುರುತಿನ ಮೇಲೆ ಪ್ರತಿ ಭರತದಲ್ಲೂ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಇರುತ್ತದೆ. ಒಂದೂವರೆ ಮೀಟರ್ ಭರತದ ನಮ್ಮಲ್ಲಿ ಅದೇ ಅರ್ಧ ಮೀಟರ್ ಏರಿಕೆಗೆ ನೀರು ಹಳೆಯ ಗುರುತಿನ ಮೇಲೆ ಹತ್ತಿರ ಹತ್ತಿರ ಐದು ಗಂಟೆ ನಿಲ್ಲುತ್ತದೆ. ಅಲ್ಲಿ ನೀರು ಧಾವಿಸಿ ಬಂದು ಧಾವಿಸಿ ಹೋಗುತ್ತದೆ; ಇಲ್ಲಿ ಬಂದು ಕುಳಿತುಬಿಡುತ್ತದೆ.

ಚರಂಡಿಯ ಲೆಕ್ಕ ಇನ್ನೂ ಕಷ್ಟದ್ದು. ಕಡಲ ಸರಾಸರಿ ಮಟ್ಟದಲ್ಲಿ ಬಾಯಿರುವ ತೋಡೊಂದು ಈಗ ಪ್ರತಿ ಭರತ-ಇಳಿತದಲ್ಲಿ ಸುಮಾರು ಆರು ಗಂಟೆ ಹೊರಗೆ ಹರಿಯುತ್ತದೆ ಎನ್ನಿ. ಅರ್ಧ ಮೀಟರ್ ಏರಿದ ಮೇಲೆ ಫಂಡಿಯಲ್ಲಿ ಆ ಅವಧಿ ಹೆಚ್ಚೆಂದರೆ ಇಪ್ಪತ್ತು ನಿಮಿಷ ಕಡಿಮೆಯಾಗುತ್ತದೆ. ನಮ್ಮಲ್ಲಿ ಅದು ಮೂರು ಗಂಟೆ ಚಿಲ್ಲರೆಗೆ ಇಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಫಂಡಿಗೆ ಬಂದ ಅಕೇಡಿಯನ್ ರೈತರು ಒಡ್ಡಿನ ಬುಡದಲ್ಲಿ ‘ಅಬ್ವಾಟೊ’ ಎಂಬ ಮರದ ತೂಬು ಕೂಡಿಸಿ, ಇಳಿತದಲ್ಲಿ ಹೊಲದ ನೀರು ತಾನೇ ಬಾಗಿಲು ತಳ್ಳಿ ಹೊರಹೋಗುವಂತೆ, ಭರತದಲ್ಲಿ ಉಪ್ಪುನೀರಿನ ಒತ್ತಡಕ್ಕೆ ಅದೇ ಬಾಗಿಲು ಮುಚ್ಚಿಕೊಳ್ಳುವಂತೆ ಮಾಡಿದ್ದರು. ಅದು ನಡೆದದ್ದು ಅಲ್ಲಿನ ಇಳಿತ ಅಷ್ಟು ಆಳಕ್ಕೆ ಇಳಿಯುವುದರಿಂದ. ನಮ್ಮಲ್ಲಿ ಇಳಿತ ಕೊಡುವ ಅವಕಾಶವೇ ಸಣ್ಣದು, ಕಡಲೇರಿಕೆ ಮೊದಲು ಕಸಿದುಕೊಳ್ಳುವುದೂ ಅದನ್ನೇ. ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ಭಾರೀ ಮಳೆ ಭರತದ ಹೊತ್ತಿಗೇ ಸುರಿದಾಗ ರಾಜಕಾಲುವೆಯ ನೀರು ಹೊಳೆಗೆ ಇಳಿಯದೆ ಹಿಂದಕ್ಕೆ ಬಂದು ತಗ್ಗಿನ ಬೀದಿಗಳಲ್ಲಿ ನಿಲ್ಲುವುದನ್ನು ನಿಂತು ನೋಡಿದವನು ನಾನು. ಆ ನೀರಿಗೆ ಹೋಗಲು ಆರು ಗಂಟೆಯ ಬದಲು ಮೂರೇ ಗಂಟೆ ಸಿಕ್ಕಿದರೆ ಏನಾಗಬಹುದೆಂದು ಯೋಚಿಸಿದರೆ ಎದೆ ಭಾರವಾಗುತ್ತದೆ.

ಬೆಂಗ್ರೆಮನೆಯವರಿಗೆ: ಪಂಚಾಂಗವನ್ನು ರಸ್ತೆಯ ಮಟ್ಟದಿಂದ ಅಳೆಯಬೇಡಿ. ಬಚ್ಚಲಿನ ಮೆಟ್ಟಿಲಿನ ಆ ಕೆಸರಿನ ಗೆರೆಯಿಂದ ಅಳೆಯಿರಿ, ಅದಕ್ಕಿಂತ ಕನಿಷ್ಠ ಒಂದು ಮೀಟರ್ ಮೇಲೆ ನೆಲ ಬರಲಿ ಎಂಬುದು ನನ್ನ ಸಲಹೆ. ಪಂಚಾಂಗಕ್ಕಿಂತ ಹೆಚ್ಚು ತೊಂದರೆ ಕೊಡುವುದು ಶೌಚಗುಂಡಿ. ಮರಳಿನಲ್ಲಿ ಅಂತರ್ಜಲದ ಮಟ್ಟ ಕಡಲಿನೊಂದಿಗೇ ಏರುತ್ತದೆ. ಇಂಗುಗುಂಡಿಯ ತಳ ನೀರಿನಲ್ಲಿ ಮುಳುಗಿದರೆ ಕೊಳಚೆ ಇಂಗದೆ ಬಾವಿಯ ಕಡೆಗೆ ಹೋಗುತ್ತದೆ. ಗುಂಡಿಯನ್ನು ನೆಲದಿಂದ ಎತ್ತರಿಸಿದ, ಸೋರದ ತೊಟ್ಟಿಯಾಗಿ ಕಟ್ಟಿಸಿ, ಬಾವಿಯಿಂದ ಆದಷ್ಟು ದೂರವಿಡಿ. ಮನೆಯನ್ನು ಪಡುಬದಿಯಿಂದ ಎಷ್ಟು ಹಿಂದಕ್ಕೆ ಸರಿಸಲು ಸಾಧ್ಯವೋ ಅಷ್ಟು ಸರಿಸಿ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅಂತರ ಅಳೆಯುವುದು ದೊಡ್ಡ ಭರತದ ನೀರು ಮುಟ್ಟುವ ಗೆರೆಯಿಂದ. ಆ ಗೆರೆ ಮುಂದಿನ ದಿನಗಳಲ್ಲಿ ನಿಮ್ಮ ಅಂಗಳದ ಕಡೆಗೇ ಬರುತ್ತದೆ.

ಬೆಂಗ್ರೆಮನೆ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಣ್ಣನ ಮಗನಿಗೆ ಐದು ಗಂಟೆಯ ಲೆಕ್ಕವನ್ನು ಕಳುಹಿಸಿದೆ. ಅವನೇ ಕಾಗದ ಹಿಡಿದು ಮತ್ತೊಮ್ಮೆ ಮಾಡಿ, ಸರಿಯಾಗಿದೆ ಎಂದು ಒಪ್ಪಿಕೊಂಡ. ಎರಡು ಸಂಗತಿ ಇನ್ನೂ ತಿಳಿಯಬೇಕಾಗಿದೆ. ನಮ್ಮ ಬಾವಿಯ ನೀರು ಈಗ ಏಪ್ರಿಲ್‌ನಲ್ಲಿ ಸ್ವಲ್ಪ ಸಪ್ಪೆಯುಪ್ಪು ಎನಿಸುತ್ತದೆ. ಅದು ಮುಂದೆ ಏನಾದೀತು? ಪಡುಬದಿಗೆ ಕಲ್ಲು ಹಾಕಿಸಿದರೆ ಮನೆ ಉಳಿಯುತ್ತದೆಯೇ?

ಬ್ರಹ್ಮಾವರ ಬೈಲು

ಬಾವಿಯ ವಿಷಯವನ್ನು ನಾನು ಕೃಷಿಕನಾಗಿ ಬರೆಯುತ್ತೇನೆ. ನಮ್ಮ ಬೈಲಿನ ಕೆಳಗೆ ಹೊಳೆಗೆ ಕಿಂಡಿ ಅಣೆಕಟ್ಟು ಇದೆ. ಮಳೆ ನಿಂತ ಮೇಲೆ ಹಲಗೆ ಇಳಿಸಿ, ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬುತ್ತೇವೆ. ಮೇಲ್ಬದಿಗೆ ಸಿಹಿನೀರು ನಿಲ್ಲುತ್ತದೆ, ಕೆಳಬದಿಯಿಂದ ಉಪ್ಪುನೀರು ಬರುವುದು ನಿಲ್ಲುತ್ತದೆ; ಸುಗ್ಗಿ ಬೆಳೆಯೂ ಸುತ್ತಲಿನ ಬಾವಿಗಳೂ ಅದರ ಮೇಲೆ ನಿಂತಿವೆ. ಮಂಗಳೂರು ನಗರ ಕುಡಿಯುವ ನೀರಿಗೆ ನಂಬಿರುವ ತುಂಬೆಯ ಕಿಂಡಿ ಅಣೆಕಟ್ಟೂ ನೇತ್ರಾವತಿಯಲ್ಲಿ ಇದೇ ತತ್ತ್ವದ್ದು.

ಹಲಗೆಯ ಎತ್ತರವನ್ನು ನಿರ್ಧರಿಸಿದ್ದು ಹಿಂದಿನವರ ಅನುಭವ. ಕಳೆದ ಪುಷ್ಯದ ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದಾಗ ಕೆಳಬದಿಯ ನೀರು ಮೇಲಿನ ಹಲಗೆಯನ್ನು ದಾಟಿ, ತೆಳುವಾದ ಬಟ್ಟೆ ಹೊದಿಸಿದಂತೆ, ಮೇಲ್ಬದಿಗೆ ಜಾರುತ್ತಿತ್ತು. ಅರ್ಧ ಗಂಟೆಯಷ್ಟೇ. ಆದರೆ ಗದ್ದೆಯ ಕೆಳತುದಿಯ ನಾಲ್ಕು ಸಾಲು ಪೈರು ಹದಿನೈದು ದಿನಗಳಲ್ಲಿ ಕೆಂಪಾಯಿತು. ಉಪ್ಪು ತಾಳುವ ಕಗ್ಗ ಭತ್ತವನ್ನು ಕುಮಟೆಯ ಕಡೆಯ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಬೆಳೆಯುತ್ತಾರೆ. ನಮ್ಮ ಬೈಲಿನ ತಳಿಗಳಿಗೆ ಆ ಶಕ್ತಿಯಿಲ್ಲ. ನಾವು ಈ ವರ್ಷ ಇನ್ನೊಂದು ಹಲಗೆ ಏರಿಸಲು ಹೊರಟಿದ್ದೇವೆ, ಹಲಗೆ ಕೂರುವ ಕಂಬದ ಸೀಳು ಅಷ್ಟು ಎತ್ತರಕ್ಕೆ ಇಲ್ಲದಿರುವುದರಿಂದ ಅದೂ ಸುಲಭವಿಲ್ಲ.

ಕೊಣಾಜೆಯ ಹಳೆ ವಿದ್ಯಾರ್ಥಿನಿ

ಬೆಂಗ್ರೆಯ ಬಾವಿಯ ಸ್ಥಿತಿ ಬೈಲಿನದಕ್ಕಿಂತ ಸೂಕ್ಷ್ಮವಾದದ್ದು. ಮರಳಿನ ಕೋಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ ಮೇಲೆ ಒಂದು ಮೀಟರ್ ಸಿಹಿನೀರು ಇದ್ದರೆ ಕೆಳಗೆ ಸುಮಾರು ನಲವತ್ತು ಮೀಟರ್ ಇರಬಹುದೆಂಬುದು ಹಳೆಯ ಸೂತ್ರ. ಕಡಲು ಏರಿದಾಗ ನೆಲ ತಗ್ಗಾಗಿದ್ದರೆ ಸಿಹಿನೀರಿಗೆ ಅಷ್ಟೇ ಮೇಲೇರಲು ಜಾಗವಿರುವುದಿಲ್ಲ, ಕೋಡಿಯ ಅಗಲವೂ ಕೊರೆತದಿಂದ ಕಡಿಮೆಯಾಗುತ್ತದೆ, ಹಾಗಾಗಿ ಮಸೂರ ತೆಳುವಾಗುತ್ತದೆ. ಬಾವಿಗೆ ದೊಡ್ಡ ಪಂಪು ಹಾಕಿ ಒಮ್ಮೆಲೇ ಎಳೆಯಬೇಡಿ. ಹೊಸ ಮನೆಯ ಮಾಡಿನ ನೀರನ್ನು ತೊಟ್ಟಿಯಲ್ಲಿ ಹಿಡಿದು, ಹೆಚ್ಚಾದುದನ್ನು ಬಾವಿಯ ಬಳಿ ಇಂಗಿಸಿ.

ಕಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಇದು. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೆ ಕೃತಕ ದಿಬ್ಬಗಳನ್ನು ನಿರ್ಮಿಸಿದ್ದು ತೆರೆಯ ಬಲವನ್ನು ದಡಕ್ಕೆ ಬರುವ ಮೊದಲೇ ಮುರಿಯುವುದಕ್ಕಾಗಿ. ಅದು ಇಡೀ ದಡದ ಯೋಜನೆ. ಒಬ್ಬರ ಮನೆಯ ಮುಂದೆ ಮಾತ್ರ ಕಲ್ಲು ಸುರಿದರೆ ತೆರೆ ಅದಕ್ಕೆ ಬಡಿದು ಬುಡದ ಮರಳನ್ನು ಎಳೆದೊಯ್ಯುತ್ತದೆ, ಕಲ್ಲು ಕುಸಿಯುತ್ತದೆ, ಪಕ್ಕದ ಮನೆಯ ಕೊರೆತ ಹೆಚ್ಚುತ್ತದೆ. ದೊಡ್ಡ ಭರತದ ಊರಿನವರೂ ಗೋಡೆಯನ್ನೇ ನಂಬಿ ಕುಳಿತಿಲ್ಲ. ಹದಿನಾಲ್ಕು ಮೀಟರ್ ಭರತ ಬರುವ ಇಂಗ್ಲೆಂಡಿನ ಸೆವರ್ನ್ ಅಳಿವೆಯ ಬಳಿಯ ಸ್ಟೀಯರ್ಟ್ ಎಂಬಲ್ಲಿ 2014ರಲ್ಲಿ ಹಳೆಯ ಒಡ್ಡನ್ನು ತಾವೇ ಒಡೆದು, ಹಿಂದೆ ಹೊಸ ಒಡ್ಡು ಕಟ್ಟಿ, ನಡುವಿನ ನೆಲವನ್ನು ಭರತಕ್ಕೆ ಬಿಟ್ಟುಕೊಟ್ಟರು. ಭರತ ತಂದ ಹೂಳಿನಿಂದ ಆ ನೆಲ ತಾನೇ ಎತ್ತರವಾಗುತ್ತ ಹೋಗುತ್ತದೆ. ನಮ್ಮಲ್ಲಿ ಹಾಗೆ ಬಿಟ್ಟುಕೊಡುವಷ್ಟು ನೆಲ ಕೋಡಿಯವರ ಬಳಿ ಇಲ್ಲ. ಆದರೆ ಮೂಡುಬದಿಯ ಹೊಳೆಯಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಬೆಳೆಯಗೊಟ್ಟರೆ ಅವು ಹೂಳನ್ನು ಹಿಡಿದು ದಂಡೆಯನ್ನು ನಿಲ್ಲಿಸುತ್ತವೆ.

ಇನ್ನೊಂದು ಕೆಲಸ ಇಂದಿನಿಂದಲೇ ಆಗಬೇಕು. ಹಳೆಯ ಮನೆ ಬಿಚ್ಚುವಾಗ ಬಚ್ಚಲಿನ ಆ ಮೆಟ್ಟಿಲನ್ನು ಕೀಳುವ ಮೊದಲು ಅದರ ಮಟ್ಟವನ್ನು ಬಾವಿಕಟ್ಟೆಗೋ ಯಾವುದಾದರೂ ಅಲುಗದ ಕಲ್ಲಿಗೋ ವರ್ಗಾಯಿಸಿ, ಉಳಿಯಿಂದ ಗೆರೆ ಕೆತ್ತಿ, ಇಸವಿ ಬರೆಯಿರಿ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರಕಟಿಸುವ ಭರತ ಕೋಷ್ಟಕದಲ್ಲಿ ಮುಂದಿನ ಮಾರ್ಗಶಿರ ಮತ್ತು ಪುಷ್ಯದ ದೊಡ್ಡ ನೀರಿನ ದಿನ ಹಾಗೂ ಹೊತ್ತು ಸಿಗುತ್ತದೆ. ಆ ಹೊತ್ತಿಗೆ ಹೋಗಿ ನೀರು ಗೆರೆಯಿಂದ ಎಷ್ಟು ಬೆರಳು ಕೆಳಗೆ ಅಥವಾ ಮೇಲೆ ನಿಂತಿತೆಂದು ಬರೆದಿಡಿ. ಚಂದ್ರನ ಪಥ ವಾಲುವ ಚಕ್ರ 18.6 ವರ್ಷದ್ದು, ಅದರಿಂದಲೂ ಭರತ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ನಾಲ್ಕೈದು ವರ್ಷದ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ, ಮಕ್ಕಳಿಗೂ ಅಳೆಯಲು ಕಲಿಸಿಡಿ.

ಬೆಂಗ್ರೆಮನೆ

ಕೆತ್ತಿಸುತ್ತೇನೆ. ಬಾವಿಕಟ್ಟೆ ಶಿಲೆಕಲ್ಲಿನದು, ಅದನ್ನು ನಾವು ಕೀಳುವುದಿಲ್ಲ. ಮನೆಯನ್ನು ರಸ್ತೆಯ ಕಡೆಗೆ ಹದಿನೈದು ಅಡಿ ಸರಿಸಲು ಅಣ್ಣನೂ ಒಪ್ಪಿದ್ದಾರೆ. ಮೊದಲು ಅನುಮತಿಗೆ ಅರ್ಜಿ ಹಾಕಿ, ಆಮೇಲೆ ಹಂಚು ಇಳಿಸುತ್ತೇವೆ.